ಉರಿನೇತ್ರನ ದೀರ್ಘ

ಎಮ್ಮೆ ಆಗತಾನೆ ಸೊರೆ ಬಿಟ್ಟಿತ್ತು. ಈರಕ್ಕ ತಂಬಿಗೆಯನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು, ಹಣೆಯನ್ನು ಎಮ್ಮೆಯ ಪಕ್ಕೆಗೆ ಒತ್ತಿ ಕರೆಯುತ್ತಿದ್ದಳು. ನೊರೆ ತಂಬಿಗೆಯ ಕಂಠಕ್ಕೆ ಬರುವ ಹೊತ್ತಿಗೆ ಬಣವೆಯ ಹಿಂದಿನಿಂದ "ಎಲಾ ಸಾರಥೀ!" ಎಂಬ ಕೂಗು ಬಂತು. ಅದರ ಬೆನ್ನಿಗೇ ಏನೋ ದಡಾರನೆ ಬಿತ್ತು. ಎಮ್ಮೆ ಮೈ ಕೊಡವಿ ಹಿಂಗಾಲೆತ್ತಿ ಒದ್ದಿತು. ತಂಬಿಗೆ ಉರುಳಿಕೊಂಡು ಗೊಂತಿನವರೆಗೂ ಹೋಯಿತು. ಅಷ್ಟು ಹೊತ್ತೂ ನಿದ್ದೆಯ ನಟನೆ ಮಾಡುತ್ತಿದ್ದ ಬೆಕ್ಕು ಎದ್ದು ಬಂದು, ದೇವರು ಕೊಟ್ಟದ್ದೆಂಬಂತೆ ನೆಕ್ಕತೊಡಗಿತು.

ಬಣವೆಯ ಮರೆಯಿಂದ ಹೊನ್ನಯ್ಯ ಇಣುಕಿದ. ತಲೆಗೂದಲಲ್ಲಿ ರಾಗಿಹುಲ್ಲಿನ ಎಸಳು, ಕೈಯಲ್ಲಿ ಬಣ್ಣ ಹಚ್ಚಿದ ಮರದ ಗದೆ.

"ಹೆದರ್ತಾ?" ಎಂದ.

"ಏನು?"

"ಎಮ್ಮೆ. ನಾನು ಕೂಗಿದ್ದಕ್ಕೆ ಹೆದರ್ತಾ ಅಂದೆ."

ಈರಕ್ಕ ಚೆಲ್ಲಿದ ಹಾಲನ್ನು ನೋಡಿದಳು, ಗಂಡನ ಮುಖ ನೋಡಿದಳು. ಆ ಮುಖದಲ್ಲಿದ್ದ ಆಸೆಯ ಎದುರಿಗೆ ಎರಡು ಸೇರು ಹಾಲು ದೊಡ್ಡದಲ್ಲ ಅನ್ನಿಸಿತು. "ಹೆದರ್ತು ಕಣ್ರೀ. ನನ್ನ ಎದೇನೂ ಝಲ್ ಅಂತು," ಎಂದಳು.

"ಸುಳ್ಳು," ಅಂದಳು ಕರುವಿನ ಹಗ್ಗ ಹಿಡಿದು ನಿಂತಿದ್ದ ಯಲ್ಲಿ. "ಅಪ್ಪ ಕೂಗ್ದಾಗ ಎಮ್ಮೆ ಕಿವೀನೂ ಅಲ್ಲಾಡಿಸ್ಲಿಲ್ಲ. ಗದೆ ಜಾರಿ ಕಲ್ಲಿನ ಮ್ಯಾಲೆ ಬಿತ್ತಲ್ಲ, ಅದಕ್ಕೆ ಒದ್ದಿದ್ದು."

ಹೊನ್ನಯ್ಯ ಗದೆಯನ್ನು ಒಮ್ಮೆ ತಿರುಗಿಸಿ ನೋಡಿ, ಅದರದೇ ತಪ್ಪೆಂಬಂತೆ ಗೋಡೆಗೆ ಒರಗಿಸಿದ. ಜಗಲಿಯ ಮೇಲೆ ಎಲೆ ಅಡಕೆ ಕುಟ್ಟುತ್ತಿದ್ದ ಅವನ ತಾಯಿ ಹುಲಿಗೆಮ್ಮ ತಲೆಯೆತ್ತದೆಯೇ ಹೇಳಿದಳು: "ಇವರಪ್ಪ ಕೂಗಿದ್ರೆ ಅಜ್ಜಂಪುರದ ಟೇಸನ್ನಾಗೆ ಜನ ರೈಲು ಬಂತು ಅಂತ ಗಂಟು ಎತ್ಕೊಳ್ತಿದ್ರು. ಇವನು ಕೂಗಿದ್ರೆ ಬೆಕ್ಕು ಹಾಲು ಕುಡೀತದೆ."

ಬುಕ್ಕಾಂಬುಧಿಯ ಕೆರೆಕೋಡಿಯ ಕೆಳಗಿದ್ದ ಆ ಊರಿನಲ್ಲಿ ಬಯಲಾಟದ ವೇಷಗಳು ಮನೆತನದವು. ರಾಜನ ವೇಷ ಪಟೇಲರ ಮನೆಯದು. ರಂಗಕ್ಕೆ ಬಂದ ಪ್ರತಿಯೊಬ್ಬನನ್ನೂ ತಡೆದು ತಾವು ಯಾರು, ತಮ್ಮ ಸ್ಥಳ ಯಾವುದು ಎಂದು ಕೇಳಿ ಮಾತು ಹೊರಡಿಸುವ ಸಾರಥಿಯ ವೇಷ ಕೆಂಚಪ್ಪನ ಮನೆಯದು. ಉರಿನೇತ್ರ ಎಂಬ ರಕ್ಕಸನ ವೇಷ ಇವರದು. ಹೊನ್ನಯ್ಯನ ಅಪ್ಪ ರಂಗಪ್ಪ ಮೂವತ್ತು ವರ್ಷ ಆ ಕಿರೀಟ ಹೊತ್ತು, ರಕ್ಕಸದ ರಂಗಪ್ಪ ಎಂದೇ ಹೆಸರಾಗಿದ್ದ. ಹೋದ ಆಷಾಢದಲ್ಲಿ ಮೂರು ದಿನದ ಜ್ವರಕ್ಕೆ ಹೋಗಿಬಿಟ್ಟ. ಹೊನ್ನಯ್ಯ ಎಲ್ಲ ಕಾರ್ಯವನ್ನೂ ಒಂದು ಹನಿ ಕಣ್ಣೀರು ಹಾಕದೆ ಮಾಡಿದ. ಗಟ್ಟಿ ಎದೆ, ಅಪ್ಪನ ಎದೆಯೇ ಎಂದು ಊರವರು ಮೆಚ್ಚಿಕೊಂಡರು. ಆದರೆ ರಾಗಿ ಒಕ್ಕಣೆ ಮುಗಿದು ಆಟದ ತಾಲೀಮು ಶುರುವಾದಾಗ ಆ ಎದೆಯಿಂದ ರಕ್ಕಸನ ಕೂಗು ಮಾತ್ರ ಹೊರಡಲಿಲ್ಲ.

ಮೇಳ ನಡೆಸುವ ಭಾಗವತ ತಿಮ್ಮಪ್ಪನಿಗೆ ವಯಸ್ಸಾಗಿತ್ತು. ಕಣ್ಣಿಗೆ ಪೊರೆ ಬಂದಿತ್ತು, ಕಿವಿ ಮಾತ್ರ ಚುರುಕು. ಹೋದ ವಾರ ಅವನು ಎಲ್ಲರ ಎದುರಿಗೇ ಹೇಳಿಬಿಟ್ಟಿದ್ದ: "ಬರೋ ಸೋಮವಾರ ಯಾರೂ ಎತ್ತಿಗೆ ನೊಗ ಇಡಲ್ಲ, ಎಲ್ಲಾರ್ಗೂ ಬಿಡುವು. ಕಿರೀಟ ಕಟ್ಕೊಂಡು ಪೂರಾ ತಾಲೀಮು. ಅವತ್ತೂ ಹೊನ್ನಂಗೆ ಬಾಯಿ ಬರ್ಲಿಲ್ಲ ಅಂದ್ರೆ ವೇಷ ಸಣ್ಣಬೀರಪ್ಪಂಗೆ." ಸಣ್ಣಬೀರಪ್ಪ ಹೊನ್ನಯ್ಯನ ದಾಯಾದಿ. ಗಾಡಿ ಹೊಡೆದು ಹೊಡೆದು ಅವನ ಗಂಟಲು ನಗಾರಿಯಾಗಿತ್ತು.

ಇವತ್ತು ಶನಿವಾರ.

ಈರಕ್ಕ ಕರುವನ್ನು ತಾಯಿಯ ಬಳಿಗೆ ಬಿಟ್ಟು ಒಳಗೆ ಹೋದಳು. ಎಸರು ಕುದಿಯುತ್ತಿತ್ತು. ರಾಗಿ ಹಿಟ್ಟು ಸುರಿದು ಕೋಲಿನಿಂದ ತಿರುವುವಾಗ ಯಲ್ಲಿ ಬಂದು ಪಕ್ಕದಲ್ಲಿ ಕುಳಿತಳು. ಅವಳ ಮಡಿಲಲ್ಲಿ ಕೆಂಪು ಬಟ್ಟೆಯಲ್ಲಿ ಸುತ್ತಿದ ಕಾಗದದ ಕಟ್ಟಿತ್ತು.

ಅದು ಅಜ್ಜನ ವೇಷದ ಪೆಟ್ಟಿಗೆಯಲ್ಲಿ, ಕಿರೀಟದ ಕೆಳಗೆ ಸಿಕ್ಕಿದ್ದು. ರಂಗಪ್ಪ ಹರೆಯದಲ್ಲಿದ್ದಾಗ ಅಜ್ಜಂಪುರದ ಒಬ್ಬ ಅಯ್ಯನವರು ರಕ್ಕಸನ ಮಾತುಗಳನ್ನಷ್ಟೇ ಹಳೆಯ ಓಲೆಯಿಂದ ಇಳಿಸಿ ಬರೆದುಕೊಟ್ಟಿದ್ದರಂತೆ. ರಂಗಪ್ಪನಿಗೆ ಓದು ಬರುತ್ತಿರಲಿಲ್ಲ. ಮಾತನ್ನು ಭಾಗವತನ ಬಾಯಿಂದ ಕಲಿತು, ಕಟ್ಟನ್ನು ಪೆಟ್ಟಿಗೆಯಲ್ಲಿಟ್ಟು ಪೂಜೆ ಮಾಡಿದ. ವರ್ಷಕ್ಕೊಮ್ಮೆ ಹುಲಿಗೆಮ್ಮ ಅದಕ್ಕೆ ಕುಂಕುಮ ಇಡುತ್ತಿದ್ದಳು. ಮೂವತ್ತು ವರ್ಷ ಅದನ್ನು ಬಿಚ್ಚಿ ಓದಿದವರಿಲ್ಲ. ಈಗ ಮನೆಯಲ್ಲಿ ಓದಬಲ್ಲವಳು ಯಲ್ಲಿ ಒಬ್ಬಳೇ. ಚಾವಡಿಯಲ್ಲಿ ಸರ್ಕಾರದವರು ಸ್ಕೂಲು ತೆಗೆದಾಗ, "ಹೆಣ್ಣು ಓದಿ ಯಾವ ಅಮಲ್ದಾರಿಕೆ ಮಾಡ್ಬೇಕು?" ಎಂದು ಅತ್ತೆ ಗೊಣಗಿದರೂ, ಈರಕ್ಕ ಮಗಳ ತಲೆ ಬಾಚಿ ಸ್ಲೇಟು ಕೊಟ್ಟು ಕಳಿಸಿದ್ದಳು. ಆ ಮಗಳು ಈಗ ಸಂಜೆಯಾದರೆ ಜಗಲಿಯಲ್ಲಿ ಕುಳಿತು ಬೆರಳಿಟ್ಟು ಓದುತ್ತಿದ್ದಳು, ಅಪ್ಪ ಕೇಳಿಸಿಕೊಂಡು ಹಿಂದಿನಿಂದ ಹೇಳುತ್ತಿದ್ದ. ನೀರು ತರಲು ಹೋಗುವ ಹೆಂಗಸರು ಆ ಹೊತ್ತಿಗೆ ಸರಿಯಾಗಿ ಬಾಗಿಲ ಮುಂದೆ ನಿಧಾನಿಸುವುದನ್ನು ಈರಕ್ಕ ಕಂಡಿದ್ದಳು. ಕಂಡೂ ಕಾಣದವಳಂತೆ ಒಳಗೆ ನಗುತ್ತಿದ್ದಳು.

"ಅವ್ವಾ, ಅಜ್ಜ ಕೂಗಿದ್ರೆ ರೈಲು ಬಂತು ಅಂತಿದ್ರಂತೆ, ನಿಜವಾ?"

"ನಿಜ ಅಲ್ಲ, ಸುಳ್ಳೂ ಅಲ್ಲ. ದೊಡ್ಡದು ಮಾಡಿ ಹೇಳೋ ಮಾತು ಅದು. ಅಜ್ಜಿಗೆ ಅಜ್ಜನ ಮೇಲೆ ಎಷ್ಟು ಅಭಿಮಾನ ಅಂತ ಅಳೆಯೋಕೆ ಸೇರಿಲ್ಲ, ಪಾವಿಲ್ಲ. ಅದಕ್ಕೆ ರೈಲಿನಾಗೆ ಅಳೀತಾಳೆ."

ಯಲ್ಲಿ ಮತ್ತೆ ಕೇಳಿದಳು: "ಎಲ್ಲಾ ಆಟದಾಗೂ ರಕ್ಕಸ ಒಂದೇ ಥರ ಯಾಕೆ ಬತ್ತಾನೆ? ಪರದೆ ಹಿಂದೆ ಕೂಗಾಕಿ, ಮೀಸೆ ತಿರುವಿ, ನೆಲ ಕುಟ್ಟಿ. ರಾಜಕುಮಾರಿ ಯಾವಾಗ್ಲೂ ತಲೆ ತಗ್ಗಿಸ್ಕೊಂಡೇ ಬತ್ತಾಳೆ. ಕೋಡಂಗಿ ಯಾವಾಗ್ಲೂ ಬೀಳ್ತಾನೆ."

ಈರಕ್ಕ ಕೋಲು ನಿಲ್ಲಿಸಿ ಯೋಚಿಸಿದಳು. ಮಗಳ ಪ್ರಶ್ನೆಗೆ ಏನಾದರೊಂದು ಹೇಳಿ ಸಾಗಹಾಕುವುದು ಅವಳಿಗೆ ಬರುತ್ತಿರಲಿಲ್ಲ. "ಆ ಗೋಡೆ ಪಕ್ಕ ನೋಡು. ಉಪ್ಪಿನ ಮಡಕೆ, ಹುಣಿಸೆಹಣ್ಣಿನ ಮಡಕೆ, ಮೆಣಸಿನಕಾಯಿ ಮಡಕೆ. ದೀಪ ಇಲ್ದಿದ್ರೂ ನನ್ನ ಕೈ ಹೋಗಿ ಉಪ್ಪಿನ ಮಡಕೆಗೇ ಬೀಳ್ತದೆ. ಯಾಕೆ ಹೇಳು? ಅದು ಜಾಗ ಬಿಟ್ಟು ಕದಲಲ್ಲ. ವೇಷಾನೂ ಹಂಗೇ ಕಣೇ. ಅಷ್ಟು ಜನ ಕೂತಿರ್ತಾರೆ, ಹಿಂದಿನೋರಿಗೆ ಮಾತು ಕೇಳಿಸಲ್ಲ. ಕೆಂಪು ಮುಖ ಕಂಡ ಕೂಡ್ಲೇ ಓಹೋ ರಕ್ಕಸ ಅಂತ ಗೊತ್ತಾಗ್ಬೇಕಲ್ಲ."

"ಉಪ್ಪಿನ ಮಡಕೇಲಿ ಯಾರಾದ್ರೂ ಬೆಲ್ಲ ಇಟ್ಟಿದ್ರೆ?"

"ಯಾರಿಡ್ತಾರೆ?"

"ಇಟ್ಟಿದ್ರೆ?"

"ಸಾರು ಉಂಡಾಗ ಗೊತ್ತಾಗ್ತದೆ," ಎಂದು ಈರಕ್ಕ ನಕ್ಕಳು. ಯಲ್ಲಿ ನಗಲಿಲ್ಲ. ಒಂದು ಸಲ ಜಗಲಿಯ ಕಡೆ ಕಣ್ಣು ಹಾಯಿಸಿ, ಮೊರದಲ್ಲಿ ಉಳಿದಿದ್ದ ರಾಗಿ ಹಿಟ್ಟನ್ನು ಅಂಗೈಯಿಂದ ತೆಳ್ಳಗೆ ಹರಡಿದಳು. ತೋರುಬೆರಳಿನಿಂದ ಒಂದು ಅಕ್ಷರ ಬರೆದಳು. ಅದರ ಪಕ್ಕದಲ್ಲಿ ಇನ್ನೊಂದು.

"ಇದು ಅ. ಇದು ಆ. ಅಜ್ಜಿಗೆ ಹೇಳ್ಬೇಡ."

ಈರಕ್ಕ ಬಗ್ಗಿ ನೋಡಿದಳು. ಎರಡೂ ಅಕ್ಕತಂಗಿಯರಂತೆ ಇದ್ದವು. ಎರಡನೆಯದಕ್ಕೆ ಬಾಲದಲ್ಲಿ ಒಂದು ಸುರುಳಿ ಹೆಚ್ಚು.

"ಆ ಸುರುಳಿ ಇದ್ರೆ ಎಳೆದು ಹೇಳ್ಬೇಕು. ಅದು ದೀರ್ಘ. ಇಲ್ದಿದ್ರೆ ಮೊಟಕು," ಎಂದು ಯಲ್ಲಿ ಕಟ್ಟು ಬಿಚ್ಚಿ ಒಂದು ಹಾಳೆ ತೆಗೆದಳು. ಅಂಚು ತಿಂದುಹೋಗಿದ್ದರೂ ಅಕ್ಷರ ಗುಂಡಗೆ ಉಳಿದಿತ್ತು. "ಅಜ್ಜ ಗದೆ ಎತ್ತಿ ಹೇಳೋ ಮಾತು ನೆನಪೈತಾ? 'ಹಗಲಲ್ಲಿ ಹತ್ತು ಸಾವಿರ ಮಂದಿಯ ಗೆಲ್ಲುವೆನು, ಇರುಳಲ್ಲಿ ಒಬ್ಬನೇ ಆಳುವೆನು. ಕೇಳುವವರಾರು ಸಾರಥೀ?'"

ಈರಕ್ಕನಿಗೆ ನೆನಪಿಲ್ಲದೇ ಏನು. ಊರಿಗೆ ಊರೇ ಆ ಮಾತಿಗೆ ಕಾದು ಕೂರುತ್ತಿತ್ತು. ಆಳುವೆನು ಎನ್ನುವಾಗ ಮಾವನ ಕುತ್ತಿಗೆಯ ನರ ಉಬ್ಬುತ್ತಿತ್ತು. ಮುಂದಿನ ಸಾಲಿನಲ್ಲಿ ಕುಳಿತ ಮಕ್ಕಳು ತಾಯಂದಿರ ಸೆರಗಿನೊಳಗೆ ಹೋಗಿಬಿಡುತ್ತಿದ್ದವು.

"ಇಲ್ಲಿ ದೀರ್ಘ ಇಲ್ಲವ್ವಾ," ಎಂದಳು ಯಲ್ಲಿ ಮೆಲ್ಲಗೆ. "ಇಲ್ಲಿ ಬರ್ದಿರೋದು ಅಳುವೆನು ಅಂತ."

ಒಲೆಯಲ್ಲಿ ಸೌದೆಯೊಂದು ಚಟ್ ಎಂದಿತು. ಈರಕ್ಕ ಆ ಮಾತನ್ನು ಬಾಯೊಳಗೇ ಎರಡು ಸಲ ಆಡಿ ನೋಡಿದಳು. ಇರುಳಲ್ಲಿ ಒಬ್ಬನೇ ಆಳುವೆನು, ಕೇಳುವವರಾರು. ಅಂದರೆ ನನ್ನನ್ನು ಪ್ರಶ್ನೆ ಮಾಡುವ ಗಂಡಸು ಯಾರಿದ್ದಾನೆ ಎಂದು. ಇರುಳಲ್ಲಿ ಒಬ್ಬನೇ ಅಳುವೆನು, ಕೇಳುವವರಾರು. ಮೊರದ ಹಿಟ್ಟಿನಲ್ಲಿದ್ದ ಒಂದು ಸುರುಳಿ ಅಳಿಸಿದರೆ ಅಷ್ಟು ದೊಡ್ಡ ರಕ್ಕಸ ಇದ್ದಕ್ಕಿದ್ದಂತೆ ಮೂಲೆಯಲ್ಲಿ ಕೂತ ಮಗುವಾಗಿಬಿಟ್ಟ.

"ಬರೆದೋರು ಮರೆತಿರ್ಬೇಕು ಕಣೇ."

"ಬೇರೆಲ್ಲೂ ಮರೆತಿಲ್ಲ. ಆನೆ ಅಂತ ಬರ್ದವ್ರೆ, ಆಗ ಅಂತ ಬರ್ದವ್ರೆ, ಆಳು ಕಾಳು ಅಂತ ಬರ್ದವ್ರೆ. ಎಲ್ಲಾ ಕಡೆ ಸುರುಳಿ ಐತೆ. ಎಲ್ಲಾ ಹಾಳೇನೂ ನೋಡ್ದೆ." ಯಲ್ಲಿಯ ಬೆರಳು ಒಂದು ಸಾಲು ಕೆಳಗಿಳಿಯಿತು. "ಇನ್ನೂ ಒಂದೈತೆ. ಇದಾದ ಮ್ಯಾಲೆ ಸಾರಥಿ ಮಾತಿಗೆ ಅಂತ ಜಾಗ ಬಿಟ್ಟವ್ರೆ. ಆಮೇಲೆ ರಕ್ಕಸ ಅಂತಾನೆ: 'ಕೇಳಿದೆಯಲ್ಲ ಸಾರಥೀ, ಕೇಳಿದವನು ನೀನೊಬ್ಬನೇ.' ಆಟದಾಗೆ ಕೆಂಚಪ್ಪಜ್ಜ ಏನೂ ಕೇಳೋದೇ ಇಲ್ಲ. ಭಲೇ ಉರಿನೇತ್ರ, ಭಲೇ ಭಲೇ ಅಂತಾನೆ ಅಷ್ಟೇ. ಕೇಳ್ದೆ ಅಂದ್ಮೇಲೆ ಏನೋ ಕೇಳಿರ್ಬೇಕಲ್ಲವ್ವಾ?"

ಆ ಸಾಲನ್ನು ಮಾವ ಗದೆ ಕುಟ್ಟಿ, ಕಿವಿಗೆ ಬಿತ್ತೇ ಎಂದು ಗದರುವ ಹಾಗೆ ಹೇಳುತ್ತಿದ್ದ. ಈರಕ್ಕ ಮಗಳ ಮುಖವನ್ನೇ ನೋಡಿದಳು. ಒಂಬತ್ತು ವರ್ಷದ ಮುಖ. ಮೂಗಿನ ತುದಿಯಲ್ಲಿ ರಾಗಿ ಹಿಟ್ಟು ಮೆತ್ತಿತ್ತು. ಊರು ಮೂವತ್ತು ವರ್ಷ ಕಿವಿಗೊಟ್ಟು ಕೇಳಿದ ಮಾತಿನೊಳಗೆ ಇದು ಹೊಕ್ಕು, ಕಾಳಿನಲ್ಲಿ ಕಲ್ಲು ಹುಡುಕಿದ ಹಾಗೆ ಒಂದನ್ನು ಎತ್ತಿ ತಂದಿದೆ. ಅವಳ ಎದೆ ತುಂಬಿ ಬಂತು. ಅದನ್ನು ತೋರಿಸಿಕೊಳ್ಳದೆ ಸೆರಗಿನಿಂದ ಮಗಳ ಮೂಗು ಒರೆಸಿದಳು.

"ಭಾಗವತರನ್ನ ಕೇಳು."

"ನೀನೇ ಕೇಳವ್ವಾ."

"ಓದಿದೋಳು ನೀನು. ಕೇಳೋಳೂ ನೀನೇ. ನನಗೆ ಆ ಸುರುಳಿ ಸುರುಳಿಯಾಗಿ ಕಾಣ್ತದೆ ಅಷ್ಟೇ ಕಣವ್ವ."

"ಅಜ್ಜ ತಪ್ಪು ಹೇಳ್ತಿದ್ದ ಅಂದಂಗಾಗ್ತದೆ. ಅಜ್ಜಿ ನನ್ನ ಸುಮ್ನೆ ಬಿಡ್ತಾಳಾ?" ಯಲ್ಲಿ ಹಾಳೆಗಳನ್ನು ಸುತ್ತತೊಡಗಿದಳು. ಸುತ್ತುತ್ತಲೇ ಕೇಳಿದಳು: "ಅವನ ಹೆಸರೇ ಉರಿನೇತ್ರ. ಕಣ್ಣೊಳಗೆ ಉರಿ ಇರೋನಿಗೆ ಅಳು ಹೆಂಗೆ ಬತ್ತದೆ?"

ಒಲೆ ಆರುತ್ತ ಬಂದಿತ್ತು. ಈರಕ್ಕ ಊದುಗೊಳವೆ ತೆಗೆದುಕೊಂಡು ಊದಿದಳು. ಹೊಗೆ ಮುಖಕ್ಕೇ ನುಗ್ಗಿತು. ಅವಳು ತಿರುಗಿ, ಕೆಂಪಗೆ ಉರಿಯುತ್ತ ಸುರಿಯುತ್ತಿದ್ದ ಕಣ್ಣುಗಳನ್ನು ಮಗಳಿಗೆ ತೋರಿಸಿದಳು. "ಇಲ್ಲಿ ನೋಡು, ಹೆಂಗೆ ಬತ್ತದೆ ಅಂತ."

ಯಲ್ಲಿ ನೋಡಿದಳು. ನೋಡುತ್ತ ನೋಡುತ್ತ ಅವಳ ಮುಖ ಬೇರೆಯಾಯಿತು. "ಅವ್ವಾ, ಮೊನ್ನೆ ಸಂಜೆ ಕೊಟ್ಟಿಗೇಲಿ ಅಪ್ಪ..." ಎಂದು ನಿಲ್ಲಿಸಿದಳು.

ಈರಕ್ಕನಿಗೆ ಗೊತ್ತಿತ್ತು. ತಾಲೀಮು ಮಾಡುತ್ತೇನೆಂದು ಕೊಟ್ಟಿಗೆಗೆ ಹೋಗುವ ಗಂಡ ಗೋದಲಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಅಪ್ಪನ ಕಿರೀಟವನ್ನು ತೊಡೆಯ ಮೇಲಿಟ್ಟುಕೊಂಡಿರುವುದನ್ನು ಅವಳೂ ಎರಡು ಸಲ ಕಂಡಿದ್ದಳು. ಎರಡು ಸಲವೂ ಬಂದ ಹೆಜ್ಜೆಯಲ್ಲೇ ಹಿಂದಿರುಗಿದ್ದಳು. ಅಳಲಿಲ್ಲವೆಂದು ಊರಿನಿಂದ ಮೆಚ್ಚಿಸಿಕೊಂಡ ಗಂಡಸನ್ನು ಯಾವ ಬಾಯಿಂದ ಕೇಳುವುದು.

"ಸೊಳ್ಳೆಗೆ ಹೊಗೆ ಹಾಕಿತ್ತಲ್ಲ, ಅದಕ್ಕೆ," ಎಂದಳು. ಆಡಿದ ಮೇಲೆ, ಬೆಳಿಗ್ಗೆಯಿಂದ ತಾನು ಹೇಳಿದ ಎರಡನೆಯ ಸುಳ್ಳು ಇದು ಎಂದು ಹೊಳೆಯಿತು. ಯಲ್ಲಿ ಮೊದಲನೆಯದನ್ನು ಹಿಡಿದಿದ್ದಳು. ಇದನ್ನು ಹಿಡಿಯಲಿಲ್ಲ, ಅಥವಾ ಹಿಡಿದೂ ಬಿಟ್ಟಳು.

ಭಾನುವಾರ ಸಂಜೆ ಜಗಲಿಯಲ್ಲಿ ಕಡೆಯ ಪಾಠ ನಡೆಯಿತು. ಯಲ್ಲಿ ಓದಿದಳು, ಹೊನ್ನಯ್ಯ ಹಿಂದಿನಿಂದ ಹೇಳಿದ. ಇಲ್ಲದ ದೀರ್ಘವನ್ನು ಓದಲು ಈ ಸಲ ಅವಳಿಗೆ ನಾಲಗೆ ಬರಲಿಲ್ಲ. ಇದ್ದದ್ದನ್ನು ಇದ್ದಂತೆ ಓದಿದಳು: "ಇರುಳಲ್ಲಿ ಒಬ್ಬನೇ ಅಳುವೆನು." ಹೊನ್ನಯ್ಯನ ಬಾಯಿಂದ "ಇರುಳಲ್ಲಿ ಒಬ್ಬನೇ ಅಳು..." ಎಂದು ಬಂದು ಅಲ್ಲಿಯೇ ನಿಂತಿತು.

"ಆ! ಆಳುವೆನು!" ಒಳಗಿನಿಂದ ಹುಲಿಗೆಮ್ಮ ಕೂಗಿದಳು. "ಬಾಯಿ ಅಗಲಿಸಿ ಹೇಳೋ. ಗಿಣ್ಣು ತಿನ್ನೋನ ಥರ ಮಾತಾಡ್ತಾನೆ."

"ಆಳುವೆನು," ಎಂದ ಹೊನ್ನಯ್ಯ. ಅಪ್ಪ ಮಗಳು ಒಬ್ಬರನ್ನೊಬ್ಬರು ನೋಡಿದರು. ಯಲ್ಲಿ ಕಣ್ಣನ್ನು ಹಾಳೆಗೆ ಇಳಿಸಿದಳು. ಹೊನ್ನಯ್ಯ ಅವಳ ಬೆರಳು ಇದ್ದ ಜಾಗವನ್ನು, ತನಗೆ ತಿಳಿಯದ ಆ ಅಕ್ಷರವನ್ನು, ಬಹಳ ಹೊತ್ತು ನೋಡುತ್ತ ಕುಳಿತ.

ಸೋಮವಾರ ಉಂಡು ಕೈತೊಳೆದ ಊರು ಮಾರಮ್ಮನ ಗುಡಿಯ ಮುಂದಿನ ಹುಣಿಸೆಮರದ ನೆರಳಿಗೆ ಬಂದು ಸೇರಿತು. ಮದ್ದಳೆಯವನು ಬಿಸಿಲಿಗೆ ಮದ್ದಳೆ ಕಾಯಿಸಿ ತಂದ. ಮುಖವೀಣೆಯವನು ಪೀಪಿಯನ್ನು ಬಾಯಲ್ಲಿಟ್ಟು ನೆನೆಸುತ್ತಿದ್ದ. ತಿಮ್ಮಪ್ಪ ಚಾಪೆಯ ಮೇಲೆ ತಾಳ ಹಿಡಿದು ಕುಳಿತ. ಗುಡಿಯ ಮರೆಯಲ್ಲಿ ಈರಕ್ಕ ಗಂಡನಿಗೆ ಕಿರೀಟ ಕಟ್ಟಿದಳು. ಕಿರೀಟದ ಒಳಗಿನ ಬಟ್ಟೆ ಮಾವನ ಮೂವತ್ತು ವರ್ಷದ ಬೆವರಿಗೆ ಕಪ್ಪಾಗಿತ್ತು. ಜಾರಬಾರದೆಂದು ಗಂಟನ್ನು ಬಿಗಿದಳು.

"ಬಿಗಿ ಆಯ್ತೇನ್ರೀ?"

"ಇಲ್ಲ. ಇರಲಿ," ಎಂದ ಹೊನ್ನಯ್ಯ. ಅಪ್ಪನ ವಾಸನೆ ಇನ್ನೂ ಅದರಲ್ಲಿದೆ ಎಂದು ಅವನು ಹೇಳಲಿಲ್ಲ. ಅವನು ಮೂಗಿನಿಂದ ಉಸಿರೆಳೆದುಕೊಂಡ ರೀತಿಯಲ್ಲೇ ಈರಕ್ಕನಿಗೆ ತಿಳಿಯಿತು.

ಅವಳು ಬಂದು ಹೆಂಗಸರ ನಡುವೆ ಯಲ್ಲಿಯ ಕೈ ಹಿಡಿದು ನಿಂತಳು. ಹುಲಿಗೆಮ್ಮ ಮುಂದುಗಡೆ ಕಲ್ಲಿನ ಮೇಲೆ, ಕೋಲಿಗೆ ಗದ್ದ ಊರಿ ಕುಳಿತಿದ್ದಳು. ಪರದೆಯೆಂದು ಇಬ್ಬರು ಹಿಡಿದಿದ್ದ ಕಂಬಳಿಯ ಹಿಂದಿನಿಂದ ಹೊನ್ನಯ್ಯ ಕೂಗು ಹಾಕಿದ. ಮರದ ಮೇಲಿನ ಕಾಗೆ ಅಲ್ಲಿಯೇ ಕುಳಿತಿತ್ತು.

"ಮೆಲ್ಲಗೆ ಹೊನ್ನಣ್ಣಾ, ಕಾವಿಗೆ ಕೂತ ಕೋಳಿ ಎದ್ದಾತು!" ಎಂದ ಗಾಡಿಯ ಗಾಲಿಗೆ ಒರಗಿದ್ದ ಸಣ್ಣಬೀರಪ್ಪ. ಜನ ನಕ್ಕರು.

ಕಂಬಳಿ ಸರಿಯಿತು. ಹೊನ್ನಯ್ಯ ಕುಣಿದು ಬಂದ. ಹೆಜ್ಜೆ ತಪ್ಪಲಿಲ್ಲ. ಸಾರಥಿ ಕೆಂಚಪ್ಪ ಅಡ್ಡ ನಿಂತು, "ಬಂದಂಥವರು ತಾವು ಯಾರು? ತಮ್ಮ ಸ್ಥಳ ಯಾವುದು?" ಎಂದು ಕೇಳಿದ. ಹೊನ್ನಯ್ಯ ಹೆಸರು ಹೇಳಿದ, ಊರು ಹೇಳಿದ, ಕುಲ ಹೇಳಿದ. ಎಲ್ಲವೂ ಸರಿಯಾಗಿತ್ತು, ಯಾವುದರಲ್ಲೂ ರಕ್ಕಸನಿರಲಿಲ್ಲ. ತಿಮ್ಮಪ್ಪ ತಲೆ ಕೊಡವುತ್ತ ತಾಳ ತಟ್ಟುತ್ತಿದ್ದ.

"ಹಗಲಲ್ಲಿ ಹತ್ತು ಸಾವಿರ ಮಂದಿಯ ಗೆ‌ಲ್ಲುವೆನು," ಎಂದು ಹೊನ್ನಯ್ಯ ಗದೆ ಎತ್ತಿದ. ಊರು ಕಿವಿಯಾಯಿತು. "ಇರುಳಲ್ಲಿ ಒಬ್ಬನೇ..."

ಗದೆ ಎತ್ತಿದ ಕೈ ಹಾಗೆಯೇ ನಿಂತಿತು. ಇನ್ನೊಂದು ಕೈ ತಾನಾಗಿ ಹೋಗಿ ಕಿರೀಟದ ಅಂಚನ್ನು, ಆ ಕಪ್ಪಾದ ಬಟ್ಟೆಯನ್ನು, ಮುಟ್ಟಿತು. ಗದೆ ಕೆಳಗಿಳಿಯಿತು.

"...ಅಳುವೆನು. ಕೇಳುವವರಾರು, ಸಾರಥೀ?"

ಅವನು ಕೂಗಲಿಲ್ಲ. ಆದರೂ ಕಡೆಯ ಸಾಲಿನಲ್ಲಿ ಕಂಕುಳಲ್ಲಿ ಮಗು ಎತ್ತಿಕೊಂಡು ನಿಂತವಳವರೆಗೂ ಆ ಮಾತು ಬಂತು. ಮದ್ದಳೆ ನಿಂತಿತು. ಕೆಂಚಪ್ಪ ಭಲೇ ಎನ್ನಲು ಬಾಯಿ ತೆರೆದ, ತೆರೆದಂತೆಯೇ ಇದ್ದ. ಅದಕ್ಕೆ ಭಲೇ ಎನ್ನುವುದು ಹೇಗೆ?

ಮೊದಲು ನಕ್ಕವನು ಸಣ್ಣಬೀರಪ್ಪ. ಅವನ ಹಿಂದೆ ನಾಲ್ಕಾರು ಜನ. ತಿಮ್ಮಪ್ಪ ತಾಳವನ್ನು ಚಾಪೆಗೆ ಬಡಿದ. "ದೀರ್ಘ ಎಲ್ಲಿ ಹೋಯ್ತೋ, ನುಂಗಿದ್ಯಾ? ನಿಮ್ಮಪ್ಪ ಮೂವತ್ತು ವರ್ಷ ಆಳಿದ್ದನ್ನ ಒಂದೇ ಉಸಿರಿಗೆ ಅತ್ತು ಮುಗಿಸಿದ್ಯಲ್ಲೋ! ಸಾಕು. ಕಿರೀಟ ಬಿಚ್ಚಪ್ಪ."

ಹೊನ್ನಯ್ಯ ಎರಡು ಕೈಗಳನ್ನೂ ತಲೆಯ ಹಿಂದಕ್ಕೆ ಒಯ್ದ. ಈರಕ್ಕ ಬಿಗಿದ ಗಂಟು ಸುಲಭಕ್ಕೆ ಬಿಚ್ಚಲಿಲ್ಲ. ಅವನು ತಡಕಾಡುತ್ತಿದ್ದ. ಸಣ್ಣಬೀರಪ್ಪ ಗಾಲಿ ಬಿಟ್ಟು ಮುಂದೆ ಬಂದ.

ಈರಕ್ಕನ ಅಂಗೈಯಲ್ಲಿ ಮಗಳ ಕೈ ಬೆವೆತಿತ್ತು. ಯಲ್ಲಿ ತಲೆಯೆತ್ತಿ ತಾಯಿಯನ್ನು ನೋಡಿದಳು. ಹೋಗು ಎನ್ನಬೇಕೆನ್ನಿಸಿತು, ಬೇಡ ಎನ್ನಬೇಕೆನ್ನಿಸಿತು. ತಾನೇ ಮುಂದೆ ಹೋಗಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನಾಲ್ಕು ಮಾತು ಆಡಿಬಿಡಬೇಕೆಂದೂ ಅನ್ನಿಸಿತು. ಈರಕ್ಕ ಅದೊಂದನ್ನೂ ಮಾಡಲಿಲ್ಲ. ಬೆರಳು ಸಡಿಲಿಸಿದಳು.

ಯಲ್ಲಿ ಜನರ ನಡುವೆ ನುಸುಳಿಕೊಂಡು ರಂಗಕ್ಕೆ ಹೋಗಿ ನಿಂತಳು. ಕೆಂಪು ಬಟ್ಟೆಯ ಕಟ್ಟು ಎದೆಯ ಮೇಲಿತ್ತು. ಕೆಂಚಪ್ಪನಿಗೆ ಅಭ್ಯಾಸಬಲ, ರಂಗಕ್ಕೆ ಬಂದವರನ್ನು ಕೇಳದೆ ಬಿಡುವುದು ಅವನಿಗೆ ಗೊತ್ತೇ ಇರಲಿಲ್ಲ. "ಬಂದಂಥವರು ತಾವು ಯಾರು? ತಮ್ಮ ಸ್ಥಳ ಯಾವುದು?" ಎಂದುಬಿಟ್ಟ.

ಜನ ಗೊಳ್ಳೆಂದರು. ಯಲ್ಲಿ ನಗಲಿಲ್ಲ. "ನಾನು ಯಲ್ಲಮ್ಮ. ರಕ್ಕಸದ ರಂಗಪ್ಪನ ಮೊಮ್ಮಗಳು. ಮೂರನೇ ಕ್ಲಾಸು," ಎಂದಳು. ಆಮೇಲೆ ಚಾಪೆಯ ಕಡೆ ತಿರುಗಿ, "ತಾತಾ, ಅಪ್ಪ ದೀರ್ಘ ನುಂಗ್ಲಿಲ್ಲ. ಅಲ್ಲಿ ದೀರ್ಘ ಇಲ್ಲವೇ ಇಲ್ಲ," ಎಂದಳು.

"ಹೆಣ್ಣು ಹುಡ್ಗಿ ರಂಗಕ್ಕೆ ಕಾಲಿಡೋಹಂಗಿಲ್ಲ," ಎಂದ ತಿಮ್ಮಪ್ಪ, ಪೊರೆ ಬಂದ ಕಣ್ಣನ್ನು ದನಿಯ ಕಡೆ ಎತ್ತಿ. "ಯಾರ್ರಪ್ಪಾ, ಕರ್ಕೊಂಡ್ಹೋಗಿ."

ಯಾರೋ ಏಳುವಷ್ಟರಲ್ಲಿ ಹುಲಿಗೆಮ್ಮನ ಕೋಲು ಕಲ್ಲಿಗೆ ತಟ್ಟಿತು.

"ತಿಮ್ಮಪ್ಪ, ಅದು ನನ್ನ ಗಂಡನ ಪೆಟ್ಟಿಗೇಲಿದ್ದ ಕಟ್ಟು," ಎಂದಳು ಹುಲಿಗೆಮ್ಮ. "ಮೂವತ್ತು ವರ್ಷ ಅದಕ್ಕೆ ಕುಂಕುಮ ಇಟ್ಟೋಳು ನಾನು. ಒಳಗೆ ಏನೈತೆ ಅಂತ ನನಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ಓದ್ಲಿ ಬಿಡು. ನಮ್ಮನೆ ಹುಡ್ಗಿ ಓದ್ತಾಳೆ, ಊರು ಕೇಳ್ಲಿ."

ಯಲ್ಲಿ ಓದಿದಳು. ಬೆರಳಿಟ್ಟು, ಒಂದೊಂದು ಅಕ್ಷರವನ್ನೂ ಬಿಡಿಸಿ. ತಿಮ್ಮಪ್ಪ ನಡುವೆ ತಡೆದು, ಆನೆ ಎಂಬ ಮಾತು ಎಲ್ಲಾದರೂ ಇದೆಯೇ ಎಂದು ಕೇಳಿದ. ಇದೆ ತಾತ, ಅದಕ್ಕೆ ದೀರ್ಘ ಇದೆ ಎಂದಳು. ಆಗ? ಅದಕ್ಕೂ ಇದೆ. ಇದೊಂದಕ್ಕೆ ಇಲ್ಲ. ಆಮೇಲೆ ಸಾರಥಿಯ ಮಾತಿಗೆ ಬಿಟ್ಟ ಜಾಗ ತೋರಿಸಿ, ಅದರ ಕೆಳಗಿನ ಸಾಲನ್ನೂ ಓದಿದಳು: "ಕೇಳಿದೆಯಲ್ಲ ಸಾರಥೀ, ಕೇಳಿದವನು ನೀನೊಬ್ಬನೇ."

ತಿಮ್ಮಪ್ಪ ಆ ಮಾತನ್ನು ತುಟಿಯೊಳಗೇ ಒಮ್ಮೆ ಎಳೆದು ಹೇಳಿಕೊಂಡ, ಒಮ್ಮೆ ಮೊಟಕಾಗಿ ಹೇಳಿಕೊಂಡ. ತಾಳದ ದಾರ ಅವನ ಬೆರಳಿಗೆ ಸುತ್ತಿಕೊಳ್ಳುತ್ತಿತ್ತು, ಬಿಚ್ಚಿಕೊಳ್ಳುತ್ತಿತ್ತು.

"ನಮ್ಮ ಗುರುಗಳಿಗೂ ಕಣ್ಣು ಕಾಣ್ತಿರ್ಲಿಲ್ಲ ಕಣ್ರಪ್ಪಾ," ಎಂದ ಕಡೆಗೆ. "ಅವರ ಬಾಯಿಂದ ನನ್ನ ಕಿವಿಗೆ ಬಂತು, ನನ್ನ ಬಾಯಿಂದ ರಂಗಪ್ಪನ ಕಿವಿಗೆ ಹೋಯ್ತು. ರಕ್ಕಸ ಅಂದ್ಮೇಲೆ ಆಳ್ದೆ ಇನ್ನೇನು ಮಾಡ್ತಾನೆ ಅನ್ಕೊಂಡ್ವಿ." ಆಮೇಲೆ, "ಹೊನ್ನಾ, ಗಂಟು ಬಿಚ್ಚಬೇಡ. ಕಿರೀಟ ಇರಲಿ. ಆಗ ಹೇಳ್ದಲ್ಲ, ಹಂಗೇ ಇನ್ನೊಂದ್ಸಲ ಹೇಳು. ಸಣ್ಣಬೀರಾ, ನೀನು ಕೂತ್ಕೊಳಪ್ಪ," ಎಂದ. ಸಣ್ಣಬೀರಪ್ಪ ನಿಂತಲ್ಲಿಯೇ ಮಣ್ಣಿನ ಮೇಲೆ ಕುಳಿತ.

"ಕೆಂಚ, ನೀನು ಭಲೇ ಅನ್ಬೇಡ. ಕೇಳು."

"ಏನು ಕೇಳ್ಲಿ ಮಾವ?" ಎಂದ ಕೆಂಚಪ್ಪ, ದಿಕ್ಕು ತಪ್ಪಿದವನಂತೆ. "ನಮ್ಮಪ್ಪನೂ ಭಲೇನೇ ಅಂತಿದ್ದ. ಅಲ್ಲೇನು ಬರ್ದೈತೆ?"

"ನಿನ್ನ ಮಾತು ಬರ್ದಿಲ್ಲ ಅಜ್ಜ," ಎಂದಳು ಯಲ್ಲಿ. "ಜಾಗ ಮಾತ್ರ ಐತೆ."

ಮುಖವೀಣೆ ಸಣ್ಣಗೆ ಎದ್ದಿತು. ಹೊನ್ನಯ್ಯ ಗದೆಯನ್ನು ನೆಲಕ್ಕೆ ಊರಿದ. ಈ ಸಲ ಅವನು ಜನರನ್ನು ನೋಡಲಿಲ್ಲ. "ಇರುಳಲ್ಲಿ ಒಬ್ಬನೇ ಅಳುವೆನು. ಕೇಳುವವರಾರು, ಸಾರಥೀ?" ಎಂದ. ಅನ್ನುವಾಗಲೇ ಕಣ್ಣು ತುಂಬಿ, ಬಣ್ಣವಿಲ್ಲದ ಕೆನ್ನೆಯ ಮೇಲೆ ಎರಡು ಗೆರೆ ಇಳಿದವು. ಆಷಾಢದಿಂದ ಹಿಡಿದಿಟ್ಟದ್ದು ಅದು. ಹುಲಿಗೆಮ್ಮ ಕೋಲಿನ ಮೇಲಿಂದ ಗದ್ದ ಎತ್ತಿದಳು. ಯಾರೂ ನಗಲಿಲ್ಲ.

ಕೆಂಚಪ್ಪ ಭಾಗವತನನ್ನು ನೋಡಿದ, ಭಾಗವತ ಏನೂ ಕಾಣದ ಕಣ್ಣಿನಿಂದ ಮರವನ್ನು ನೋಡುತ್ತಿದ್ದ. ಹುಣಿಸೆಯ ಸಣ್ಣ ಎಲೆಗಳು ಕಿರೀಟದ ಮೇಲೆ ಉದುರುತ್ತಿದ್ದವು. ಸಾರಥಿಯ ಮಾತಿನ ಜಾಗ ಇನ್ನೂ ಬರಿದಾಗಿತ್ತು.

ರಂಗದಲ್ಲಿ ಇನ್ನೂ ನಿಂತೇ ಇದ್ದ ಯಲ್ಲಿ, ತಾಯಿ ಇದ್ದ ಕಡೆ ಒಮ್ಮೆ ತಿರುಗಿದಳು. ಈರಕ್ಕ ತನ್ನ ಖಾಲಿ ಕೈಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಹುಡುಗಿ ಕಟ್ಟನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು. ಒಂದು ಹೆಜ್ಜೆ ಮುಂದಿಟ್ಟು, ತಲೆಯೆತ್ತಿ, ಊರಿಗೆಲ್ಲ ಕೇಳುವ ಹಾಗೆ ಕೇಳಿದಳು:

"ಯಾಕೆ ಅಳ್ತೀಯಪ್ಪಾ?"